ಕ್ಯಾಲಿಪರ್ ಬೋಲ್ಟಿನ ತಲೆ ಉರುಟಾದರೆ ಮುಂದೇನು?

ಪ್ರಶ್ನೆ: ನಮ್ಮ ಮನೆ ಕುಂದಾಪುರದ ಹತ್ತಿರ, ಕಡಲಿನಿಂದ ಅರ್ಧ ಕಿಲೋಮೀಟರ್ ದೂರದಲ್ಲಿದೆ. ಹನ್ನೆರಡು ವರ್ಷ ಹಳೆಯ ಮಾರುತಿ ಹ್ಯಾಚ್‌ಬ್ಯಾಕ್ ಕಾರಿನ ಮುಂದಿನ ಬ್ರೇಕ್ ಪ್ಯಾಡುಗಳನ್ನು ಮನೆಯಲ್ಲೇ ಬದಲಿಸಲು ಹೊರಟೆ. ಎಡಗಡೆಯ ಕೆಲಸ ಸಲೀಸಾಗಿ ಮುಗಿಯಿತು. ಬಲಗಡೆ ಕ್ಯಾಲಿಪರಿನ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಮೇಲಿನ ಬೋಲ್ಟ್ ಬಂತು, ಕೆಳಗಿನದು ಜಗ್ಗಲಿಲ್ಲ. ಸ್ಪ್ಯಾನರಿಗೆ ಎರಡಡಿ ಪೈಪು ಸಿಕ್ಕಿಸಿ ಎಳೆದಾಗ ಅದು ಜಾರಿ, ಬೋಲ್ಟಿನ ತಲೆಯ ಮೂಲೆಗಳು ಸವೆದು ಉರುಟಾದವು. ಸೀಮೆಎಣ್ಣೆ ಸುರಿದು ಒಂದು ರಾತ್ರಿ ಬಿಟ್ಟೆ, ಪ್ರಯೋಜನವಾಗಲಿಲ್ಲ. ಬೆಂಕಿ ಕೊಡಬೇಕೇ, ಬೋಲ್ಟಿಗೆ ತೂತು ಕೊರೆದು ಈಸಿ-ಔಟ್ (ತೂತಿನೊಳಗೆ ಕಚ್ಚಿಕೊಂಡು ಬೋಲ್ಟ್ ಬಿಚ್ಚುವ ಕಡ್ಡಿ) ಹಾಕಬೇಕೇ, ಅಥವಾ ಗ್ಯಾರೇಜಿಗೆ ಕೊಡುವುದೇ ಒಳ್ಳೆಯದೇ?

ಉತ್ತರ: ಬೆಂಕಿಯೂ ಬೇಡ, ಈಸಿ-ಔಟೂ ಬೇಡ. ನಿಮ್ಮ ಕೈಯಲ್ಲಿ ಡ್ರಿಲ್ ಇದ್ದರೆ ಸದ್ಯಕ್ಕೆ ಅದನ್ನು ಪೆಟ್ಟಿಗೆಯೊಳಗೇ ಇಡಿ. ಜಾಮ್ ಆದ ಬೋಲ್ಟಿನ ಕೆಲಸದಲ್ಲಿ ನಾನು ಪಾಲಿಸುವ ನಿಯಮ ಒಂದೇ: ಈಗಿನ ಪ್ರಯತ್ನ ಸೋತರೂ ಮುಂದಿನ ಪ್ರಯತ್ನಕ್ಕೆ ಜಾಗ ಉಳಿದಿರಬೇಕು. ತಲೆಯನ್ನು ಪೂರ್ತಿ ಸವೆಸಿಬಿಟ್ಟರೆ ಹಿಡಿಯಲು ಏನೂ ಇರುವುದಿಲ್ಲ, ಓರೆಯಾಗಿ ಕೊರೆದರೆ ಸುತ್ತಲಿನ ಥ್ರೆಡ್ (ತಿರುಪಿನ ಸುತ್ತು) ಉಳಿಯುವುದಿಲ್ಲ, ಆ ತೂತಿನೊಳಗೆ ಈಸಿ-ಔಟ್ ಮುರಿದರಂತೂ ಮನೆಯ ಉಪಕರಣಗಳ ಕಥೆ ಅಲ್ಲಿಗೆ ಮುಗಿಯಿತು. ನೀವು ಇನ್ನೂ ಮೊದಲ ಮೆಟ್ಟಿಲಲ್ಲೇ ಇದ್ದೀರಿ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಬೋಲ್ಟ್ ಎಂಜಿನ್ನಿಗೋ ಸಸ್ಪೆನ್ಷನ್ನಿಗೋ ಸೇರಿದ್ದಲ್ಲ; ಕ್ಯಾಲಿಪರಿನ ಕಿವಿಯ ಮೂಲಕ ಹಾದು, ಕ್ಯಾಲಿಪರ್ ಹಿಂದೆಮುಂದೆ ಜಾರಲೆಂದು ಇಟ್ಟಿರುವ ಸ್ಲೈಡ್ ಪಿನ್ನಿನೊಳಗೆ ಹೋಗಿ ಕೂರುವ ಬೋಲ್ಟ್ ಅದು. ಆ ಪಿನ್ನು ಬಿಡಿಭಾಗದ ಅಂಗಡಿಯಲ್ಲಿ ಪ್ರತ್ಯೇಕವಾಗಿ ಸಿಗುವ ವಸ್ತು. ಎಂದರೆ ಎಲ್ಲವೂ ಕೈಕೊಟ್ಟರೂ ನೀವು ಕಳೆದುಕೊಳ್ಳುವುದು ಒಂದು ಪಿನ್ನು ಮತ್ತು ಒಂದು ಬೋಲ್ಟನ್ನು ಮಾತ್ರ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೈಗೆ ಅವಸರ ಬರುವುದಿಲ್ಲ.

ಮತ್ತೆ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಸಂಶಯ ಪರಿಹಾರ ಮಾಡಿಕೊಳ್ಳಿ: ನೀವು ತಿರುಗಿಸಿದ್ದು ಬಿಚ್ಚುವ ದಿಕ್ಕಿಗೋ, ಬಿಗಿಮಾಡುವ ದಿಕ್ಕಿಗೋ? ಕೇಳಲು ಕ್ಷುಲ್ಲಕವೆನಿಸುತ್ತದೆ, ಆದರೆ ಅನುಭವಿಗಳೂ ಇಲ್ಲಿ ಎಡವುವುದನ್ನು ನೋಡಿದ್ದೇನೆ. ಈ ಬೋಲ್ಟಿನ ತಲೆ ಕಾರಿನ ಒಳಮುಖಕ್ಕಿರುತ್ತದೆ. ಸ್ಟಿಯರಿಂಗ್ ತಿರುಗಿಸಿ ತಲೆಯನ್ನೇ ನೇರವಾಗಿ ನೋಡುತ್ತಾ ಕೆಲಸ ಮಾಡಿದರೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಬಿಚ್ಚಬೇಕು. ಚಕ್ರದ ಹೊರಗೆ ಕೂತು, ಡಿಸ್ಕಿನ ಹಿಂದಕ್ಕೆ ಕೈಚಾಚಿ ಕಾಣದೆಯೇ ಸ್ಪ್ಯಾನರ್ ಹಾಕಿದರೆ, ನೀವು ಕೂತ ಜಾಗದಿಂದ ಅದೇ ದಿಕ್ಕು ಗಡಿಯಾರದ ಮುಳ್ಳಿನ ಕಡೆಗೇ ಕಾಣುತ್ತದೆ. ಎಡಗಡೆ ಒಂದು ರೀತಿ ಕೂತು, ಬಲಗಡೆ ಇನ್ನೊಂದು ರೀತಿ ಕೂತಿದ್ದರೆ ಕೈ ಮೋಸ ಹೋಗಿರಬಹುದು. ಪೆನ್ನಿನಲ್ಲಿ ಕ್ಯಾಲಿಪರಿನ ಮೇಲೆಯೇ ಒಂದು ಬಾಣದ ಗುರುತು ಹಾಕಿಕೊಳ್ಳಿ. ನಾನು ಈಗಲೂ ಹಾಗೇ ಮಾಡುತ್ತೇನೆ.

ಇನ್ನು ತಲೆ ಉರುಟಾದದ್ದೇಕೆ ಎಂಬುದು. ನಿಮ್ಮೂರಿನ ಉಪ್ಪುಗಾಳಿಯನ್ನು ದೂರುವುದು ಸುಲಭ, ಮತ್ತು ಅದರಲ್ಲಿ ಸುಳ್ಳಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಪಕ್ಕಕ್ಕೇ ಅಲೆ ಬಂದು ಬಡಿಯುವ ಜಾಗದಲ್ಲಿ ದಿನವೂ ಓಡಾಡುವ ಗಾಡಿಯ ತಳ, ಮೈಸೂರಿನ ಗಾಡಿಯ ತಳಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುವುದರಿಂದ, ಥ್ರೆಡ್ಡಿನ ಸಂದಿಯೊಳಗೆ ಬೆಣೆ ಹೊಡೆದಂತೆ ಬೋಲ್ಟನ್ನು ಹಿಡಿದಿಡುತ್ತದೆ. ಆದರೆ ತುಕ್ಕು ಬೋಲ್ಟನ್ನು ಬಿಗಿ ಮಾಡುತ್ತದೆಯೇ ಹೊರತು ತಲೆಯನ್ನು ಉರುಟು ಮಾಡುವುದಿಲ್ಲ. ಉರುಟು ಮಾಡುವುದು ಸ್ಪ್ಯಾನರ್.

ನಮ್ಮ ಅಂಗಡಿಗಳಲ್ಲಿ ಸಿಗುವ ಎರಡು ಬಾಯಿಯ ಸ್ಪ್ಯಾನರ್ ಸೆಟ್ಟನ್ನು ಒಮ್ಮೆ ಗಮನಿಸಿ: 10-11, 12-13, 14-15 ಎಂದು ಜೋಡಿಯಾಗಿರುತ್ತವೆ. ಜಪಾನಿ ಪದ್ಧತಿಯ ಕಾರುಗಳಲ್ಲಿ 8 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 12ರ ತಲೆ ಇರುತ್ತದೆ. ಅಂಗಡಿಯ ಸಾಮಾನ್ಯ 8 ಮಿಲಿಮೀಟರ್ ಬೋಲ್ಟಿಗೆ 13ರ ತಲೆ. ಮಂದ ಬೆಳಕಿನಲ್ಲಿ, ಗ್ರೀಸಿನ ಕೈಯಲ್ಲಿ, ಒಂದೇ ಸ್ಪ್ಯಾನರಿನ ತಪ್ಪು ತುದಿ ತಲೆಯ ಮೇಲೆ ಕೂರುವುದು ಎಷ್ಟು ಸುಲಭ ನೋಡಿ. 13ರ ಬಾಯಿ 12ರ ತಲೆಯನ್ನು ಹಿಡಿದಂತೆಯೇ ಅನಿಸುತ್ತದೆ, ಸ್ವಲ್ಪ ಒತ್ತಡಕ್ಕೆ ತಡೆದೂ ತಡೆಯುತ್ತದೆ, ಪೈಪಿನ ಜೋರು ಬಿದ್ದ ತಕ್ಷಣ ಮೂಲೆಗಳನ್ನು ಕೆರೆದುಕೊಂಡು ಜಾರುತ್ತದೆ. ಸರಿಯಾದ ಅಳತೆಯದೇ ಆದರೂ ತೆರೆದ ಬಾಯಿಯ ಸ್ಪ್ಯಾನರ್ ಎರಡೇ ಮುಖಗಳನ್ನು ಹಿಡಿಯುತ್ತದೆ, ಮತ್ತು ಬಲ ಬಿದ್ದಾಗ ಅದರ ಬಾಯಿ ಅಗಲವಾಗುತ್ತದೆ. ಒಳಗೆ ಹನ್ನೆರಡು ಮೂಲೆಗಳಿರುವ ರಿಂಗ್ ಸ್ಪ್ಯಾನರ್ ಇದಕ್ಕಿಂತ ಮೇಲು, ಆದರೆ ಅದು ತಲೆಯ ಮೂಲೆಗೆ ಹತ್ತಿರದಲ್ಲೇ ಒತ್ತುವುದರಿಂದ ಮೊದಲೇ ಸವೆದ ತಲೆಗೆ ಪ್ರಯೋಜನವಿಲ್ಲ. ತುಕ್ಕು ಹಿಡಿದ ಬೋಲ್ಟಿಗೆ ಬೇಕಾದದ್ದು ಆರೇ ಮೂಲೆಯ ಸಾಕೆಟ್. ಅದು ಮೂಲೆಯನ್ನು ಬಿಟ್ಟು ಮುಖವನ್ನು ಒತ್ತುತ್ತದೆ. ಸಾಕೆಟ್ ಪೆಟ್ಟಿಗೆ ಕೊಳ್ಳುವಾಗ ಒಳಗೆ ಎಷ್ಟು ಮೂಲೆಗಳಿವೆ ಎಂದು ಎಣಿಸಿ ಕೊಳ್ಳಿ.

ಪೈಪಿನ ವಿಚಾರಕ್ಕೆ ಬರೋಣ. 8 ಮಿಲಿಮೀಟರ್ ಬೋಲ್ಟ್, ಅದರ ತಲೆಯ ಮೇಲೆ 8.8 ಎಂದು (ಬೋಲ್ಟಿನ ಗಟ್ಟಿತನದ ದರ್ಜೆ) ಅಚ್ಚಾಗಿದ್ದರೆ, ಸಾಮಾನ್ಯವಾಗಿ ಸುಮಾರು 25 ನ್ಯೂಟನ್ ಮೀಟರಿಗೆ (ತಿರುಗಿಸುವ ಬಲದ, ಎಂದರೆ ಟಾರ್ಕಿನ, ಅಳತೆ) ಬಿಗಿಯುವಂಥದ್ದು. ಎರಡಡಿ, ಎಂದರೆ 60 ಸೆಂಟಿಮೀಟರ್ ಪೈಪಿನ ತುದಿಯಲ್ಲಿ ನೀವು 20 ಕಿಲೋ ತೂಕದಷ್ಟು ಜಗ್ಗಿದರೂ ಬೋಲ್ಟಿನ ಮೇಲೆ ಬೀಳುವುದು ಸುಮಾರು 120 ನ್ಯೂಟನ್ ಮೀಟರ್, ಹತ್ತಿರ ಹತ್ತಿರ ಐದು ಪಟ್ಟು. ಸ್ಪ್ಯಾನರ್ ಜಾರದೇ ಇದ್ದಿದ್ದರೆ ಬೋಲ್ಟೇ ತುಂಡಾಗುತ್ತಿತ್ತು. ಆ ಲೆಕ್ಕದಲ್ಲಿ ತಲೆ ಉರುಟಾದದ್ದು ನಿಮ್ಮ ಅದೃಷ್ಟ. ಉದ್ದ ಪೈಪು ಚಕ್ರದ ನಟ್ಟಿಗೆ ಸರಿ. ಹತ್ತು, ಹನ್ನೆರಡರ ತಲೆಗಳಿಗೆ ಅದನ್ನು ಹತ್ತಿರವೇ ತರಬಾರದು. ಹಾಗೆ ಜೋರಾಗಿ ಜಗ್ಗಿದಾಗ ಕಾರು ಕೇವಲ ಜಾಕಿನ ಮೇಲಿದ್ದರೆ ಜಾಕು ವಾಲುತ್ತದೆ. ಕೆಳಗೆ ಗಟ್ಟಿಯಾದ ಸ್ಟ್ಯಾಂಡ್ ಕೊಡದೆ, ಹಿಂದಿನ ಚಕ್ರಗಳಿಗೆ ಕಲ್ಲು ಇಡದೆ ಈ ಕೆಲಸಕ್ಕೆ ಮತ್ತೆ ಕೂರಬೇಡಿ.

ಸೀಮೆಎಣ್ಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ತೆಳುವಾಗಿರುವುದರಿಂದ ಅದು ಸಂದಿಗೆ ಇಳಿಯುತ್ತದೆ, ಹಳ್ಳಿಯ ಪಂಪ್‌ಸೆಟ್ಟಿನ ನಟ್ಟು ಬಿಚ್ಚಲು ನಾವೆಲ್ಲ ಬಳಸಿದ್ದೇವೆ. ಆದರೆ ಬ್ರೇಕಿನ ಬಳಿ ಅದು ಶತ್ರು. ಬ್ರೇಕ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಬಳಸುವ ರಬ್ಬರ್ ಬ್ರೇಕ್ ಆಯಿಲನ್ನು ತಡೆಯಲೆಂದು ಮಾಡಿದ್ದು. ಸೀಮೆಎಣ್ಣೆ, ಡೀಸೆಲ್, ಎಂಜಿನ್ ಆಯಿಲ್ ಮುಂತಾದ ಪೆಟ್ರೋಲಿಯಂ ಎಣ್ಣೆ ತಗಲಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಸ್ಲೈಡ್ ಪಿನ್ನಿನ ಮೇಲಿರುವ ಮಡಿಕೆಮಡಿಕೆಯ ರಬ್ಬರ್ ಬೂಟನ್ನು ಬೆರಳಿನಿಂದ ಒತ್ತಿ ನೋಡಿ. ಎಡಗಡೆಯ ಬೂಟಿಗಿಂತ ದಪ್ಪವಾಗಿ, ಜಿಡ್ಡುಜಿಡ್ಡಾಗಿ ಕಂಡರೆ ಅದನ್ನು ಬದಲಿಸಬೇಕು. ಪ್ಯಾಡು ಎಣ್ಣೆ ಹೀರಿದ್ದರೆ ಆ ಪ್ಯಾಡು ಮತ್ತೆ ಬಳಕೆಗೆ ಬಾರದು. ಹೇಗೂ ಹೊಸದು ತಂದಿದ್ದೀರಿ. ಅದನ್ನು ಈ ಕೆಲಸ ಮುಗಿಯುವವರೆಗೆ ಡಬ್ಬಿಯಿಂದ ತೆಗೆಯಬೇಡಿ.

ತುಕ್ಕು ಬಿಡಿಸಲೆಂದೇ ಮಾಡಿದ ಸ್ಪ್ರೇ ಎಣ್ಣೆ ಬಳಸುವುದಾದರೂ ಬೂಟನ್ನೂ ಡಿಸ್ಕನ್ನೂ ಬಟ್ಟೆಯಿಂದ ಮುಚ್ಚಿ, ಎಣ್ಣೆಯನ್ನು ಮುಚ್ಚಳಕ್ಕೆ ಹಾಕಿಕೊಂಡು, ಕಡ್ಡಿಯ ತುದಿಯಿಂದ ಬೋಲ್ಟಿನ ತಲೆ ಮತ್ತು ಕ್ಯಾಲಿಪರ್ ಕೂಡುವ ಗೆರೆಗೆ ಎರಡು ಮೂರು ಹನಿ ಬಿಡಿ. ಎಲ್ಲರ ಮನೆಯಲ್ಲಿರುವ ಡಬ್ಲ್ಯೂಡಿ-40ರ ಮೂಲ ಡಬ್ಬಿ 1953ರಲ್ಲಿ ಅಮೆರಿಕದ ಸ್ಯಾನ್ ಡಿಯೆಗೊದಲ್ಲಿ ಹುಟ್ಟಿದ್ದು ಲೋಹದ ಮೇಲಿನ ನೀರನ್ನು ಸರಿಸಿ ತುಕ್ಕು ತಡೆಯುವುದಕ್ಕೆ. ಹೆಸರಿನಲ್ಲಿರುವ ಡಬ್ಲ್ಯೂ ಮತ್ತು ಡಿ (ವಾಟರ್ ಡಿಸ್‌ಪ್ಲೇಸ್‌ಮೆಂಟ್) ಅದನ್ನೇ ಹೇಳುತ್ತವೆ, 40 ಎಂಬುದು ನಲವತ್ತನೆಯ ಪ್ರಯತ್ನ. ಹಿಡಿದ ಬೋಲ್ಟಿಗೂ ಅದು ಸ್ವಲ್ಪ ನೆರವಾಗುತ್ತದೆ, ಆದರೆ ಆ ಕೆಲಸಕ್ಕೆಂದೇ ಇರುವ ಎಣ್ಣೆ ವಾಸಿ. ಎಣ್ಣೆ ಯಾವುದೇ ಇರಲಿ, ಒಮ್ಮೆ ಸುರಿದು ಬಿಡುವುದಕ್ಕಿಂತ ಕೆಲವು ಗಂಟೆಗಳಿಗೊಮ್ಮೆ ಹನಿ ಹಾಕಿ, ನಡುನಡುವೆ ತಲೆಗೆ ನೆಟ್ಟಗೆ ಸುತ್ತಿಗೆಯಿಂದ ಸಣ್ಣಸಣ್ಣ ಏಟು ಕೊಡುವುದು ಹೆಚ್ಚು ಫಲ ಕೊಡುತ್ತದೆ. ಏಟಿನ ನಡುಕಕ್ಕೆ ತುಕ್ಕಿನ ಪದರ ಬಿರುಕು ಬಿಟ್ಟಾಗ ಮಾತ್ರ ಎಣ್ಣೆಗೆ ದಾರಿಯಾಗುತ್ತದೆ.

ಈಗ ಕೆಲಸ. ಮೊದಲು, ಬಿಚ್ಚಿಟ್ಟ ಮೇಲಿನ ಬೋಲ್ಟನ್ನು ಕೈಯಲ್ಲಿ ತಿರುಗಿಸಿ ಮತ್ತೆ ಹಾಕಿ. ಒಂದೇ ಬೋಲ್ಟಿನಲ್ಲಿ ನೇತಾಡುವ ಕ್ಯಾಲಿಪರ್ ನಿಮ್ಮ ಬಲವನ್ನೆಲ್ಲ ಅಲುಗಾಟದಲ್ಲಿ ತಿಂದುಹಾಕುತ್ತದೆ. ತಂತಿ ಬ್ರಷ್ಷಿನಿಂದ ತಲೆಯನ್ನು ಲೋಹ ಹೊಳೆಯುವವರೆಗೆ ಉಜ್ಜಿ. ತಲೆಯ ಮೇಲೆ ಕೂತ ತುಕ್ಕಿನ ಪುಡಿಯೇ ಸಾಕೆಟ್ಟನ್ನು ಪೂರ್ತಿ ಇಳಿಯಗೊಡುವುದಿಲ್ಲ. ಆರು ಮೂಲೆಯ 12ರ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ, ಸಾಕೆಟ್ಟಿನ ಬೆನ್ನನ್ನು ಒಂದು ಕೈಯಿಂದ ತಲೆಯ ಕಡೆಗೇ ಒತ್ತಿ ಹಿಡಿದು, ಮೊದಲು ಬಿಗಿಮಾಡುವ ದಿಕ್ಕಿಗೆ ಒಂದು ಚೂರು ತಳ್ಳಿ, ಆಮೇಲೆ ಬಿಚ್ಚುವ ದಿಕ್ಕಿಗೆ ಬನ್ನಿ. ಇಲ್ಲಿ ಕಿವಿ ಮತ್ತು ಅಂಗೈ ಎರಡೂ ಎಚ್ಚರವಾಗಿರಬೇಕು. "ಟಕ್" ಎಂಬ ಒಣ ಶಬ್ದದೊಂದಿಗೆ ಬೋಲ್ಟ್ ತಟ್ಟನೆ ಕದಲಿದರೆ ತುಕ್ಕು ಬಿಟ್ಟಿತೆಂದು ಅರ್ಥ. ಶಬ್ದವೇ ಇಲ್ಲದೆ, ಹಿಟ್ಟಿನ ಉಂಡೆ ತಿರುಗಿಸಿದಂತೆ ಮೆತ್ತಗೆ ಬರತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಹಾಗೆ ಬರುತ್ತಿರುವುದು ಥ್ರೆಡ್ ಅಲ್ಲ, ಬೋಲ್ಟಿನ ಕುತ್ತಿಗೆ ತಿರುಚಿಕೊಳ್ಳುತ್ತಿದೆ. ಕದಲಿದ ಮೇಲೂ ಒಂದೇ ಉಸಿರಿಗೆ ಬಿಚ್ಚಬೇಡಿ. ಕಾಲು ಸುತ್ತು ಹೊರಗೆ, ಅದರರ್ಧ ಒಳಗೆ, ಒಂದು ಹನಿ ಎಣ್ಣೆ, ಮತ್ತೆ ಕಾಲು ಸುತ್ತು.

ಬೋಲ್ಟಿನ ಜೊತೆಗೆ ಸ್ಲೈಡ್ ಪಿನ್ನೇ ಗಿರಗಿರ ತಿರುಗುತ್ತಿದ್ದರೆ ಎಷ್ಟು ತಿರುಗಿಸಿದರೂ ಬೋಲ್ಟ್ ಹೊರಗೆ ಬಾರದು. ಅನೇಕ ಕ್ಯಾಲಿಪರುಗಳಲ್ಲಿ ಬೂಟಿನ ಪಕ್ಕದಲ್ಲೇ ಪಿನ್ನಿನ ಮೇಲೆ ಎರಡು ಚಪ್ಪಟೆ ಮುಖಗಳಿರುತ್ತವೆ. ತೆಳ್ಳಗಿನ ತೆರೆದ ಸ್ಪ್ಯಾನರಿನಿಂದ ಅದನ್ನು ಹಿಡಿದುಕೊಂಡು ಬೋಲ್ಟ್ ತಿರುಗಿಸಬೇಕು.

ಸಾಕೆಟ್ ಜಾರಿದರೆ ಎರಡನೆಯ ಸಲ ಅದರಲ್ಲೇ ಹಟ ಮಾಡಬೇಡಿ. ಒಂದು ಚಪ್ಪಟೆ ಅರ ತೆಗೆದುಕೊಂಡು ತಲೆಯ ಎದುರುಬದುರಿನ ಎರಡು ಮುಖಗಳಲ್ಲಿ ತಲಾ ಅರ್ಧ ಮಿಲಿಮೀಟರ್ ಉಜ್ಜಿದರೆ 11ರ ತೆರೆದ ಸ್ಪ್ಯಾನರ್ ಬಡಿದರೆ ಕೂರುವಷ್ಟು ಬಿಗಿಯಾಗುತ್ತದೆ. ಹಾಗೆ ಉಜ್ಜಿದ ಮುಖಗಳು ಹತ್ತಿಂಚಿನ ಲಾಕಿಂಗ್ ಪ್ಲೈಯರಿಗೂ ಒಳ್ಳೆಯ ಹಿಡಿತ ಕೊಡುತ್ತವೆ. ಹಿಂದಿನ ತಿರುಪನ್ನು ಒಂದು ಸುತ್ತು ಹೆಚ್ಚು ಬಿಗಿಮಾಡಿ, ಬಾಯಿ "ಕಟಕ್" ಎಂದು ಬಲವಂತವಾಗಿ ಮುಚ್ಚುವಂತೆ ಹಾಕಬೇಕು, ಸಲೀಸಾಗಿ ಮುಚ್ಚಿದರೆ ಅದು ಜಾರುತ್ತದೆ. ಇದಕ್ಕೂ ಮೇಲಾದ ಉಪಕರಣವೆಂದರೆ ಒಳಗೆ ಎಡಸುತ್ತಿನ ಹರಿತ ಏಣುಗಳಿರುವ ಎಕ್ಸ್‌ಟ್ರಾಕ್ಟರ್ ಸಾಕೆಟ್. ಉರುಟಾದ ತಲೆಯ ಮೇಲೆ ಬಡಿದು ಕೂರಿಸಿ ಬಿಚ್ಚುವ ಕಡೆ ತಿರುಗಿಸಿದಷ್ಟೂ ಅದು ತಲೆಯನ್ನು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಮನೆಯಲ್ಲಿ ರಿಪೇರಿ ಮಾಡಿಕೊಳ್ಳುವ ಹವ್ಯಾಸ ಮುಂದುವರಿಸುವವರಿಗೆ ನಾನು ಧೈರ್ಯವಾಗಿ ಕೊಳ್ಳಿ ಎನ್ನುವ ಉಪಕರಣ ಇದು.

ಇದೂ ಸೋತರೆ ಕೊನೆಯ ದಾರಿ, ಮತ್ತು ನಿಮ್ಮ ಬೋಲ್ಟಿನ ಮಟ್ಟಿಗೆ ಅಷ್ಟೇನೂ ಕೆಟ್ಟ ದಾರಿಯಲ್ಲ: ತಲೆಯನ್ನೇ ತೆಗೆದುಬಿಡುವುದು. ತಲೆಯ ನಡುಮಧ್ಯಕ್ಕೆ ಸೆಂಟರ್ ಪಂಚಿನಿಂದ ಗುರುತು ಹೊಡೆದು, ಮೊದಲು ಸಣ್ಣ ಬಿಟ್ಟಿನಿಂದ, ಆಮೇಲೆ 8 ಮಿಲಿಮೀಟರ್ ಬಿಟ್ಟಿನಿಂದ ನಿಧಾನ ವೇಗದಲ್ಲಿ ತಲೆಯ ದಪ್ಪದಷ್ಟು ಮಾತ್ರ ಕೊರೆದರೆ ತಲೆ ಉಂಗುರದಂತೆ ಕಳಚಿ ಬೀಳುತ್ತದೆ. ಡ್ರಿಲ್ಲಿನ ಬಿಟ್ ಕ್ಯಾಲಿಪರಿನ ಕಿವಿಯವರೆಗೆ ಇಳಿಯಬಾರದು. ಡ್ರಿಲ್ ಹಿಡಿಯಲು ಜಾಗ ಸಾಲದಿದ್ದರೆ, ಕ್ಯಾಲಿಪರ್ ಕೂತಿರುವ ಬ್ರಾಕೆಟ್ಟನ್ನು ಚಕ್ರದ ಗೆಣ್ಣಿಗೆ (ಚಕ್ರವನ್ನು ಹೊತ್ತಿರುವ ನಕಲ್ ಎಂಬ ಭಾಗ) ಹಿಡಿದಿರುವ ಎರಡು ದೊಡ್ಡ ಬೋಲ್ಟುಗಳನ್ನು ಬಿಚ್ಚಿ, ಇಡೀ ಜೋಡಣೆಯನ್ನು ಡಿಸ್ಕಿನಿಂದ ಹೊರಗೆಳೆದು ಒಂದು ಸ್ಟೂಲಿನ ಮೇಲೆ ಇಟ್ಟುಕೊಳ್ಳಿ. ಅದರ ಭಾರ ಎಂದಿಗೂ ಬ್ರೇಕ್ ಹೋಸಿನ ಮೇಲೆ ಬೀಳಕೂಡದು. ತಲೆ ಹೋದ ಮೇಲೆ ಬಿಗಿತವೂ ಹೋಗುವುದರಿಂದ ಕ್ಯಾಲಿಪರ್ ಕಳಚಿ ಬರುತ್ತದೆ, ಉಳಿದ ತುಂಡು ಪಿನ್ನಿನೊಳಗೇ ಇರುತ್ತದೆ. ಆ ಪಿನ್ನನ್ನು ಎಳೆದು ತೆಗೆದು ಎಸೆಯಿರಿ. ಅದರೊಳಗಿನ ತುಂಡನ್ನು ಬಿಡಿಸುವ ಪಂದ್ಯಕ್ಕೆ ಇಳಿಯುವ ಅಗತ್ಯವೇ ಇಲ್ಲ.

ನೀವು ಕೇಳಿದ ಈಸಿ-ಔಟ್ ಇಲ್ಲಿ ಬೇಡವೆಂದದ್ದು ಈ ಕಾರಣಕ್ಕೆ. ಬೇರೆಡೆಯೂ ನಾನು ಅದನ್ನು ಹಿಂಜರಿದೇ ಬಳಸುತ್ತೇನೆ. ಕೆಲಸ ಕಲಿತ ಹೊಸತರಲ್ಲಿ ಒಂದು ಎಂಜಿನ್ನಿನ ಅಲ್ಯೂಮಿನಿಯಂ ಮೈಯಲ್ಲಿ 6 ಮಿಲಿಮೀಟರ್ ಬೋಲ್ಟ್ ಮುರಿದು, ಅದಕ್ಕೆ ತೂತು ಕೊರೆದು ಈಸಿ-ಔಟ್ ಹಾಕಿ ತಿರುಗಿಸಿದೆ. ಅದೂ ಮುರಿದು ಒಳಗೇ ಉಳಿಯಿತು. ಈಸಿ-ಔಟ್ ಗಡಸು ಉಕ್ಕಿನದು, ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆಯೇ ಹೊರತು ಕೊರೆಯುವುದಿಲ್ಲ. ಅರ್ಧ ಗಂಟೆಯ ಕೆಲಸ ಎರಡು ದಿನದ್ದಾಯಿತು. ತಲೆ ಮುರಿಯುವಷ್ಟು ಬಿಗಿಯಾಗಿ ಹಿಡಿದ ಬೋಲ್ಟನ್ನು, ಅದರ ಹೊಟ್ಟೆಯೊಳಗೆ ಹಿಡಿಸುವ ಅದಕ್ಕಿಂತ ತೆಳ್ಳಗಿನ ಕಡ್ಡಿ ಬಿಚ್ಚುತ್ತದೆಂದು ನಂಬುವುದೇ ತಪ್ಪು.

ಬೆಂಕಿಯ ವಿಷಯ ಬೇರೆ. ಅದು ನಿಜಕ್ಕೂ ಬಲವಾದ ಅಸ್ತ್ರ, ಜಾಗ ಮಾತ್ರ ಸರಿಯಿರಬೇಕು. ಸೈಲೆನ್ಸರಿನ ಫ್ಲ್ಯಾಂಜಿನ ನಟ್ಟುಗಳಿಗೆ ಕೆಂಪಗಾಗುವಷ್ಟು ಕಾಯಿಸಿ ಬಿಚ್ಚುವುದೇ ಉತ್ತಮ. ಅಲ್ಯೂಮಿನಿಯಂ ಮೈಯೊಳಗಿನ ಉಕ್ಕಿನ ಬೋಲ್ಟಿಗೆ ಕೆಂಪು ಬೇಡ, ಮಿತವಾದ ಶಾಖ ಸಾಕು: 200 ಡಿಗ್ರಿ ಏರಿಕೆಗೆ 10 ಮಿಲಿಮೀಟರ್ ಉಕ್ಕು ಸುಮಾರು 0.024 ಮಿಲಿಮೀಟರ್ ಹಿಗ್ಗಿದರೆ, ಅಷ್ಟೇ ಅಗಲದ ಅಲ್ಯೂಮಿನಿಯಂ ತೂತು ಸುಮಾರು 0.046 ಮಿಲಿಮೀಟರ್ ಹಿಗ್ಗುತ್ತದೆ, ಆ ಕೂದಲೆಳೆಯ ಸಡಿಲವೇ ನಮಗೆ ಬೇಕಾದದ್ದು. ಕೆಂಪು ಥ್ರೆಡ್ ಲಾಕ್ ಅಂಟು ಹಾಕಿದ ಬೋಲ್ಟುಗಳೂ ಸುಮಾರು 250 ಡಿಗ್ರಿಗೆ ಕಾದಾಗಲೇ ಬಿಡುತ್ತವೆ. ಆದರೆ ನಿಮ್ಮ ಬೋಲ್ಟಿನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ ರಬ್ಬರ್ ಬೂಟು, ಪಿಸ್ಟನ್ ಸೀಲು, ಬ್ರೇಕ್ ಆಯಿಲ್ ತುಂಬಿದ ಹೋಸು ಇವೆ, ಸುತ್ತಲೂ ನೀವೇ ಸುರಿದ ಸೀಮೆಎಣ್ಣೆ ಇದೆ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದಿದ್ದರಂತೂ ಜ್ವಾಲೆಯನ್ನಾಗಲಿ ವೆಲ್ಡಿಂಗನ್ನಾಗಲಿ ಹತ್ತಿರ ತರಲೇಬಾರದು. ಹಲವು ಸ್ಪ್ರೇಗಳು ಹೊತ್ತಿಕೊಳ್ಳುತ್ತವೆ, ಕ್ಲೋರಿನ್ ಸೇರಿದ ಬಗೆಯವು ಕಾದಾಗ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಗ್ಯಾರೇಜಿಗೆ ಕೊಡುವ ಮಾತು ಕೇಳಿದ್ದೀರಿ. ತಲೆ ಕೊರೆಯಲು ಧೈರ್ಯ ಸಾಲದಿದ್ದರೆ, ಅಥವಾ ಬ್ರಾಕೆಟ್ಟಿನ ದೊಡ್ಡ ಬೋಲ್ಟುಗಳೂ ಕದಲದಿದ್ದರೆ ಖಂಡಿತ ಕೊಡಿ. ಆ ಬೋಲ್ಟುಗಳು ಹೋಗಿ ಕೂರುವುದು ಗೆಣ್ಣಿನೊಳಗೆ, ಅಲ್ಲಿ ಥ್ರೆಡ್ ಕೆಟ್ಟರೆ ಖರ್ಚು ದೊಡ್ಡದು. ಗಂಗೊಳ್ಳಿ, ಮಲ್ಪೆಯಂಥ ಬಂದರಿನ ಬಳಿಯ ವೆಲ್ಡಿಂಗ್ ಅಂಗಡಿಯವರು ಉಪ್ಪುನೀರಿನಲ್ಲಿ ಕೂತ ದೋಣಿಯ ಬೋಲ್ಟುಗಳನ್ನೇ ಬಿಡಿಸುವವರು. ತುಂಡಾದ ಬೋಲ್ಟಿನ ಮೇಲೆ ನಟ್ಟು ಇಟ್ಟು, ಅದರ ತೂತಿನೊಳಗೆ ವೆಲ್ಡ್ ತುಂಬಿ, ತುಸು ಆರಿದ ಮೇಲೆ ಆ ನಟ್ಟಿನಿಂದಲೇ ತಿರುಗಿಸಿ ತೆಗೆಯುವ ಕೈಚಳಕ ಅವರಲ್ಲಿದೆ. ಹೊಸ ತಲೆಯೂ ಶಾಖವೂ ಒಟ್ಟಿಗೇ ಸಿಗುವುದರಿಂದ ತುಂಡಾದ ಬೋಲ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಕಾರಿನ ಮೇಲೆಯೇ ಹಾಗೆ ಮಾಡುವುದಾದರೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ವೆಲ್ಡಿಂಗಿನ ಅರ್ಥ್ ಕ್ಲಾಂಪನ್ನು ಆ ಬೋಲ್ಟಿನ ಪಕ್ಕದಲ್ಲೇ ಹಾಕಲು ಹೇಳಿ; ದೂರ ಹಾಕಿದರೆ ಕರೆಂಟು ಚಕ್ರದ ಬೇರಿಂಗಿನ ಮೂಲಕ ಹರಿದು ಅದನ್ನು ಕೆಡಿಸಬಹುದು.

ಮತ್ತೆ ಜೋಡಿಸುವಾಗ ಹಳೆಯ ಬೋಲ್ಟನ್ನು ಹಾಕಬೇಡಿ, ಹಾರ್ಡ್‌ವೇರ್ ಅಂಗಡಿಯ ಅದೇ ಉದ್ದದ ಬೋಲ್ಟನ್ನೂ ಹಾಕಬೇಡಿ. ಕಾರಿನ ಮಾದರಿ ಹೇಳಿ ಪಿನ್, ಬೋಲ್ಟ್, ಬೂಟುಗಳ ಕಿಟ್ ತನ್ನಿ. ಪಿನ್ನಿಗೆ ರಬ್ಬರಿಗೆ ಹೊಂದುವ ಸಿಲಿಕೋನ್ ಬ್ರೇಕ್ ಗ್ರೀಸನ್ನು ತೆಳ್ಳಗೆ ಸವರಿ. ಬೇರಿಂಗಿನ ಗ್ರೀಸ್ ಹಾಕಿದರೆ ಸೀಮೆಎಣ್ಣೆಯ ಕಥೆಯೇ ಮರುಕಳಿಸುತ್ತದೆ. ಬೋಲ್ಟಿನ ಥ್ರೆಡ್ಡಿಗೆ ಗ್ರೀಸ್ ಹಚ್ಚಬೇಕೆನಿಸಿದರೆ ತಡೆಯಿರಿ. ನಾವು ಹಾಕುವ ಬಲದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ತಿಕ್ಕಾಟದಲ್ಲೇ ಕಳೆಯುವುದರಿಂದ, ಥ್ರೆಡ್ ನುಣುಪಾದರೆ ಟಾರ್ಕ್ ರೆಂಚ್ ಅದೇ ಅಂಕಿ ತೋರಿಸಿದರೂ ಬೋಲ್ಟ್ ಹೆಚ್ಚು ಎಳೆತಕ್ಕೆ ಸಿಕ್ಕುತ್ತದೆ. ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿ ಹೇಳುವ ಟಾರ್ಕಿಗೆ ಬಿಗಿದು, ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಹತ್ತಾರು ಸಲ ತುಳಿಯಿರಿ.

ಕಳಚಿದ ಹಳೆಯ ಪ್ಯಾಡುಗಳನ್ನು ಎಸೆಯುವ ಮೊದಲು ಪಕ್ಕಪಕ್ಕ ಇಟ್ಟು ನೋಡಿ. ಬಲಗಡೆಯ ಒಳಗಿನ ಪ್ಯಾಡು ಹೊರಗಿನದಕ್ಕಿಂತ ಬಹಳ ಸವೆದಿದ್ದರೆ, ಅಥವಾ ಒಂದೇ ಪ್ಯಾಡು ಓರೆಯಾಗಿ ಸವೆದಿದ್ದರೆ, ಆ ಪಿನ್ನು ಬ್ರಾಕೆಟ್ಟಿನೊಳಗೂ ಬಹುಕಾಲದಿಂದ ಹಿಡಿದುಕೊಂಡಿತ್ತು ಎಂದು ತಿಳಿಯಬೇಕು. ಆಗ ಪಿನ್ನು ಜಾರುವ ತೂತನ್ನೂ ಒಳಗೆಲ್ಲ ಚೊಕ್ಕಟ ಮಾಡದೆ ಹೊಸ ಪಿನ್ನು ಕೂರಿಸಬೇಡಿ. ಎಡಗಡೆ ಬೋಲ್ಟುಗಳು ಸಲೀಸಾಗಿ ಬಂದವೆಂದು ಬರೆದಿದ್ದೀರಿ, ಪಿನ್ನುಗಳನ್ನು ಹೊರಗೆಳೆದು ನೋಡಿದ್ದಾಗಿ ಬರೆದಿಲ್ಲ. ಸ್ಟ್ಯಾಂಡು ಹೇಗೂ ಹೊರಗಿದೆ, ಆ ಚಕ್ರವನ್ನೂ ಇನ್ನೊಮ್ಮೆ ಬಿಚ್ಚಿ, ಪಿನ್ನುಗಳು ಬೆರಳಿನಿಂದ ತಳ್ಳಿದರೆ ಜಾರುತ್ತವೆಯೇ ಎಂದು ನೋಡಿಬಿಡಿ.